ಅಟ್ಟದ ಟ್ರಂಕಿನಲ್ಲಿ ಬೀಟ್ ಬ್ಯಾಂಡು: ಮರೆತುಹೋದ ಗಿಟಾರ್ ತಂಡಗಳನ್ನು ಕೊಡಗಿನಲ್ಲಿ ಕೂತು ಹುಡುಕುವ ಬಗೆ

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಹರಡಿದ್ದ ಕೊನೆಯ ಚೆರ್ರಿಯೂ ಒಣಗಿ ಚೀಲ ಸೇರಿದ ಮೇಲೆ ಹೂಮಳೆ ಬೀಳುವವರೆಗೆ ನಾಲ್ಕೈದು ವಾರ ಸಿಗುತ್ತವೆ. ಗಾಳಿ ಒಣಗಿರುತ್ತದೆ, ಮನೆಯವರಿಗೂ ಸ್ವಲ್ಪ ಬಿಡುವು. ಕೊಡಗಿನಲ್ಲಿ ಹಳೆಯ ಟ್ರಂಕು ಇಳಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಾಪೋಕ್ಲು ಕಡೆಯ ನಮ್ಮ ದೊಡ್ಡಮ್ಮನ ಮನೆಯ ಅಟ್ಟದಿಂದ ನಾನು ಟ್ರಂಕು ಇಳಿಸಿದ್ದೂ ಅಂಥದೇ ಒಂದು ಫೆಬ್ರವರಿಯಲ್ಲಿ. ದೊಡ್ಡಪ್ಪ ಸೇನೆಯಲ್ಲಿದ್ದವರು, ಅರವತ್ತರ ದಶಕದಲ್ಲಿ ಕೆಲವು ವರ್ಷ ಕಲ್ಕತ್ತದ ಕಡೆ ಇದ್ದರು. ಸಮವಸ್ತ್ರದ ಕೆಳಗೆ ಏಳಿಂಚಿನ ಆರು ರೆಕಾರ್ಡುಗಳು, ನಿಮಿಷಕ್ಕೆ 78 ಸುತ್ತಿನ ಮೂರು ದಪ್ಪ ರೆಕಾರ್ಡು, ಒಂದಷ್ಟು ಹಳೆಯ ಪತ್ರಿಕೆ. ಒಂದೆರಡು ಹೆಸರು ಬಿಟ್ಟರೆ ಆ ತಂಡಗಳ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಆ ಟ್ರಂಕಿನಿಂದ ನಾನು ಕಲಿತದ್ದನ್ನು, ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇರಬಹುದೆಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ಟ್ರಂಕು ಇಲ್ಲದವರಿಗೂ ಮುಂದಿನ ಭಾಗಗಳಲ್ಲಿ ದಾರಿ ಇದೆ.

ಬೀಟ್ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ ಸೆಟ್, ಕೂಡಿ ಹಾಡುವ ಎರಡು ಮೂರು ಕಂಠ, ಎರಡೂವರೆ ನಿಮಿಷದ ಹಾಡು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಒಂದೇ ಬಂದರು ಪಟ್ಟಣದಲ್ಲಿ ಇಂಥ ನೂರಾರು ತಂಡಗಳಿದ್ದವು. ಅದರಲ್ಲಿ ಬೀಟಲ್ಸ್ ಎಂಬ ಒಂದನ್ನು ಜಗತ್ತೆಲ್ಲ ಬಲ್ಲದು. ಉಳಿದವರ ರೆಕಾರ್ಡು ಕಡಿಮೆ ಮುದ್ರಣವಾಯಿತು, ಕಡಿಮೆ ಊರುಗಳಿಗೆ ತಲುಪಿತು. ಅಷ್ಟರಿಂದಲೇ ಅವರ ಹಾಡು ಕಡಿಮೆಯದು ಎಂದುಕೊಳ್ಳಬೇಡಿ. ಈ ಹುಡುಕಾಟಕ್ಕೆಲ್ಲ ಆಧಾರ ಇದೇ.

ಮೊದಲು ಜನರನ್ನು ಕೇಳಿ

ಮೊಬೈಲು ತೆಗೆಯುವ ಮುಂಚೆ ಎಪ್ಪತ್ತು ದಾಟಿದವರ ಹತ್ತಿರ ಕೂತುಕೊಳ್ಳಿ. "ಯಾವ ಬ್ಯಾಂಡು ಕೇಳುತ್ತಿದ್ದಿರಿ?" ಎಂದು ಕೇಳಿದರೆ "ಅದೆಲ್ಲ ನೆನಪಿಲ್ಲ ಮಗ" ಎಂಬ ಉತ್ತರ ಬರುತ್ತದೆ. ಪ್ರಶ್ನೆಯನ್ನು ಜಾಗಕ್ಕೆ, ಹೊತ್ತಿಗೆ ಕಟ್ಟಿ ಕೇಳಿ. ಹಾಸ್ಟೆಲಿನಲ್ಲಿ ರೇಡಿಯೋ ಯಾರ ಕೋಣೆಯಲ್ಲಿತ್ತು? ರೇಡಿಯೋ ಸಿಲೋನಿಗೆ ಕಾರ್ಡು ಬರೆದದ್ದುಂಟೇ? ಪ್ಲಾಂಟರುಗಳ ಕ್ಲಬ್ಬಿನಲ್ಲಿ ಹೊಸ ವರ್ಷಕ್ಕೆ ಯಾವ ಊರಿನಿಂದ ಬ್ಯಾಂಡು ಬರುತ್ತಿತ್ತು? ಮದುವೆಯಲ್ಲಿ ವಾಲಗ ನಿಂತ ಮೇಲೆ ಹುಡುಗರು ಯಾವ ಪ್ಲೇಟು ಹಾಕುತ್ತಿದ್ದರು? ರೆಕಾರ್ಡಿಗೆ ನಮ್ಮ ಹಿರಿಯರ ಮಾತಿನಲ್ಲಿ ಪ್ಲೇಟು ಎಂದೇ ಹೆಸರು, ಆ ಪದ ಬಳಸಿದರೆ ನೆನಪು ಬೇಗ ಬಿಚ್ಚಿಕೊಳ್ಳುತ್ತದೆ.

ದೊಡ್ಡಮ್ಮನಿಗೆ ಒಂದು ಹೆಸರೂ ನೆನಪಿರಲಿಲ್ಲ. ಆದರೆ "ಹೆಂಗಸು ಡ್ರಮ್ ಬಾರಿಸುವ ಬ್ಯಾಂಡು, ಕಾಲು ನೆಲಕ್ಕೆ ಬಡಿದ ಹಾಗೆ ಶಬ್ದ" ಎಂದರು. ಅಷ್ಟೇ ಸಾಕಾಯಿತು. ಅದು ದಿ ಹನಿಕೋಂಬ್ಸ್, ಡ್ರಮ್ ನುಡಿಸುತ್ತಿದ್ದವರು ಹನಿ ಲ್ಯಾಂಟ್ರೀ. 1964ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಹಾಡನ್ನು ಜೋ ಮೀಕ್ ಎಂಬ ನಿರ್ಮಾಪಕ ಲಂಡನ್ನಿನ ಹಾಲೋವೇ ರಸ್ತೆಯಲ್ಲಿ, ಒಂದು ಚರ್ಮದ ಸಾಮಾನಿನ ಅಂಗಡಿಯ ಮೇಲಿದ್ದ ತನ್ನ ಮನೆಯಲ್ಲೇ ಧ್ವನಿಮುದ್ರಿಸಿದರು. ತಂಡದವರನ್ನು ಮರದ ಮೆಟ್ಟಿಲಿನ ಮೇಲೆ ನಿಲ್ಲಿಸಿ ಕಾಲು ಬಡಿಸಿ, ಮೆಟ್ಟಿಲಿಗೇ ಮೈಕು ಕಟ್ಟಿ ಆ ಶಬ್ದ ಹಿಡಿದರು. ದೊಡ್ಡಮ್ಮನ ಕಿವಿ ಅರವತ್ತು ವರ್ಷ ಉಳಿಸಿಕೊಂಡದ್ದು ಆ ಮೆಟ್ಟಿಲಿನ ಸದ್ದನ್ನು.

ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಕೊಡವ ತಕ್ಕ್, ಅರೆಭಾಷೆ, ಕನ್ನಡ ಯಾವುದರಲ್ಲಿ ಹೇಳಿದರೋ ಅದರಲ್ಲೇ ಬರೆಯಿರಿ. ತಪ್ಪು ಹೆಸರನ್ನೂ ತಿದ್ದಬೇಡಿ, ಮುಂದೆ ಯಾವುದೋ ಲೇಬಲ್ಲಿನಲ್ಲಿ ಅದಕ್ಕೆ ಹತ್ತಿರದ ಹೆಸರು ಎದುರಾದಾಗ ನಿಮಗೇ ತಿಳಿಯುತ್ತದೆ.

ಟ್ರಂಕು ತೆರೆದ ಮೇಲೆ

ಮನೆಯೊಳಗೆ ತೆರೆಯಬೇಡಿ. ಹಲವು ಮಳೆಗಾಲ ಕಂಡ ರೆಕಾರ್ಡಿನ ಮೇಲೆ ಬೂಷ್ಟು ಇದ್ದೇ ಇರುತ್ತದೆ. ಜಗಲಿಯ ನೆರಳಿಗೆ ತನ್ನಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಬಿಸಿಲಿಗೆ ಮಾತ್ರ ಇಡಲೇಬೇಡಿ. ಕರಿಮೆಣಸು ಒಣಗಿಸುವ ಅಭ್ಯಾಸದ ಕೈ ತಾನಾಗಿ ಕಣದ ಕಡೆ ಹೋಗುತ್ತದೆ, ಆದರೆ ಸ್ವಲ್ಪ ಹೊತ್ತಿನ ಬಿಸಿಲಿಗೂ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ರೆಕಾರ್ಡು ಹಪ್ಪಳದಂತೆ ಸೊಟ್ಟಗಾಗಬಹುದು. ಒಲೆಯ ಮೇಲಿನ ಅಟ್ಟವೂ ಬೇಡ. ಅಲ್ಲಿ ಥಂಡಿ ಇಲ್ಲ ನಿಜ, ಬಿಸಿಯೂ ಮಸಿಯೂ ಇವೆ.

ಟ್ರಂಕಿನ ತಳಕ್ಕೆ ಹಾಸಿದ ಕಾಗದವನ್ನು ಎಸೆಯುವ ಮುಂಚೆ ನೋಡಿ. ನಮ್ಮ ಟ್ರಂಕಿನ ತಳದಲ್ಲಿದ್ದದ್ದು 'ಜೂನಿಯರ್ ಸ್ಟೇಟ್ಸ್‌ಮನ್' ಪುಟಗಳು. ಕಲ್ಕತ್ತದಿಂದ 1967ರಿಂದ 1977ರವರೆಗೆ ಡೆಸ್ಮಂಡ್ ಡಾಯ್ಗ್ ಸಂಪಾದಕತ್ವದಲ್ಲಿ ಬಂದ ಈ ಯುವ ಪತ್ರಿಕೆ ನಮ್ಮ ದೇಶದ ಗಿಟಾರ್ ತಂಡಗಳ ಬಗ್ಗೆ ಆಗ ಬರೆಯುತ್ತಿದ್ದ ಕೆಲವೇ ಪತ್ರಿಕೆಗಳಲ್ಲಿ ಒಂದು. ಒಂದು ಹರಿದ ಪುಟದಲ್ಲೂ ತಂಡದ ಹೆಸರು, ಊರು, ಯಾರು ಏನು ನುಡಿಸುತ್ತಿದ್ದರು ಎಂಬುದು ಸಿಗಬಹುದು. ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಅತಿ ಮುಖ್ಯವಾದ ಮಾತು. ರೆಕಾರ್ಡುಗಳನ್ನು ಎರಡು ಗುಂಪು ಮಾಡಿ. ದಪ್ಪಗೆ, ಭಾರವಾಗಿ, ಉಗುರಿನಿಂದ ತಟ್ಟಿದರೆ ಪಿಂಗಾಣಿಯ ಹಾಗೆ ಟಣ್ ಎನ್ನುವುದು ಶೆಲ್ಲಾಕ್, ಅಂದರೆ ಅರಗಿನದು. ನಿಮಿಷಕ್ಕೆ 78 ಸುತ್ತು. ತೆಳ್ಳಗೆ, ಸ್ವಲ್ಪ ಬಾಗುವಂಥದು ವಿನೈಲ್, 45 ಅಥವಾ 33 1/3 ಸುತ್ತಿನದು. 78 ಎಂದ ಕೂಡಲೇ ಹಳೆಯ ಭಾವಗೀತೆಯೋ ರಂಗಗೀತೆಯೋ ಎಂದು ಬದಿಗಿಡಬೇಡಿ. ಬೇರೆ ದೇಶಗಳು 78 ನಿಲ್ಲಿಸಿದ ಮೇಲೂ ಭಾರತದಲ್ಲಿ ಅದು ನಡೆದಿತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಅಚ್ಚಾಗಿವೆ, ವಿದೇಶದ ಸಂಗ್ರಾಹಕರು ಇಂದು ಅದನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ.

ತೊಳೆಯುವ ವಿಧಾನ ಎರಡಕ್ಕೂ ಒಂದೇ ಅಲ್ಲ. ವಿನೈಲಿಗೆ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್, ಪಾತ್ರೆ ತೊಳೆಯುವ ಬಣ್ಣವಿಲ್ಲದ ದ್ರವ ಎರಡು ಮೂರು ಹನಿ. ಬಾವಿ ನೀರು, ನಲ್ಲಿ ನೀರು ಬೇಡ, ಒಣಗಿದ ಮೇಲೆ ಅದರ ಲವಣ ಗೆರೆಯಲ್ಲಿ ಕೂತು ಚಟಚಟ ಎನ್ನುತ್ತದೆ. ಮೃದು ಬ್ರಷ್ಷಿನಿಂದ ಗೆರೆ ಸಾಗುವ ದಿಕ್ಕಿನಲ್ಲೇ ಉಜ್ಜಿ, ಇನ್ನೊಮ್ಮೆ ಬರೀ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ತಟ್ಟೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಆರಿಸಿ. ಲೇಬಲ್ ನೆನೆಯಬಾರದು. ಬೂಷ್ಟು ಗಟ್ಟಿ ಹಿಡಿದಿದ್ದರೆ ವಿನೈಲಿಗೆ ಮಾತ್ರ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಬಹುದು. ಅರಗಿನ ರೆಕಾರ್ಡಿಗೆ ಆಲ್ಕೋಹಾಲ್ ತಾಗಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ನಾನು ಇದನ್ನು ತಿಳಿದದ್ದು ದೊಡ್ಡಪ್ಪನ ಒಂದು 78ನ್ನು ಸ್ಪಿರಿಟ್ಟಿನಿಂದ ಒರೆಸಿದ ಮೇಲೆ. ಹತ್ತಿಗೆ ಕಪ್ಪು ಹತ್ತಿತು, ರೆಕಾರ್ಡಿನ ಹೊಳಪು ಹೋಯಿತು, ಆ ಹಾಡು ಮತ್ತೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು. 78ಕ್ಕೆ ಒದ್ದೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ ತಕ್ಷಣ ಒಣಬಟ್ಟೆ ಆಡಿಸಿದರೆ ಸಾಕು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಹಚ್ಚಿ ಹೊಳಪು ಬರಿಸುವ ಹಳೆಯ ಪದ್ಧತಿ ಯಾವುದಕ್ಕೂ ಬೇಡ.

ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಅದನ್ನು ಬಿಸಾಡಿ, ವರ್ಷಾನುಗಟ್ಟಲೆ ಅಂಟಿಕೊಂಡಿದ್ದರೆ ವಿನೈಲಿನ ಮೇಲೆ ಮಂಜು ಕವಿದಂತೆ ಕಲೆ ಬಿಡುತ್ತದೆ. ಕಾಗದದ ಒಳಕವರು ಹಾಕಿ, ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಪೊಟ್ಟಣವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆಯಾದರೂ ಬದಲಿಸಬೇಕು.

ಕ್ಯಾಸೆಟ್ಟುಗಳಿದ್ದರೆ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಇದೆಯೇ ನೋಡಿ. ಇದ್ದರೆ ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಬೂಷ್ಟು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಲೇಬಲ್ಲೇ ದಾರಿ ತೋರಿಸುತ್ತದೆ

ರೆಕಾರ್ಡಿನ ನಡುವಿನ ಆ ದುಂಡು ಕಾಗದದಲ್ಲಿ ತಂಡದ ಹೆಸರಿಗಿಂತ ಉಪಯೋಗದ ಸಂಗತಿಗಳಿರುತ್ತವೆ. ನಾಲ್ಕನ್ನು ಬರೆದುಕೊಳ್ಳಿ: ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಚನಕಾರರ ಹೆಸರು, ನಿರ್ಮಾಪಕರ ಹೆಸರು, ಕ್ಯಾಟಲಾಗ್ ಸಂಖ್ಯೆ, ಲೇಬಲ್ಲಿನ ಸುತ್ತಲಿನ ಗೆರೆಯಿಲ್ಲದ ನುಣುಪು ಜಾಗದಲ್ಲಿ ಕೊರೆದ ಅಥವಾ ಒತ್ತಿದ ಅಕ್ಷರ ಸಂಖ್ಯೆ. ಕೊನೆಯದನ್ನು ಓದಲು ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಾಲೀಕರು ಶಾಯಿಯಲ್ಲಿ ಬರೆದ ಹೆಸರು, ತಾರೀಕು ಇದ್ದರೆ ಅಳಿಸಬೇಡಿ. ಆ ರೆಕಾರ್ಡು ಯಾವ ವರ್ಷ ಯಾರ ಕೈಯಲ್ಲಿತ್ತು ಎಂಬುದಕ್ಕೆ ಅದೊಂದೇ ದಾಖಲೆ.

ನಮ್ಮ ದೇಶದ ರೆಕಾರ್ಡುಗಳಲ್ಲಿ ಬಹುಪಾಲು ಗ್ರಾಮಫೋನ್ ಕಂಪನಿ ಕಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಒತ್ತಿದವು. ಕ್ಯಾಟಲಾಗ್ ಸಂಖ್ಯೆಯನ್ನು ರೆಕಾರ್ಡುಗಳ ಪಟ್ಟಿಯಿರುವ ಡಿಸ್ಕಾಗ್ಸ್ ಅಥವಾ 45ಕ್ಯಾಟ್ ಜಾಲತಾಣದಲ್ಲಿ ಹಾಕಿ ನೋಡಿ. ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಹತ್ತು ತಂಡ ಬರುತ್ತವೆ, ಸಂಖ್ಯೆ ಹಾಕಿದರೆ ನೇರ ಆ ರೆಕಾರ್ಡಿಗೇ ಹೋಗಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ. ಭಾರತದ ಮುದ್ರಣಗಳನ್ನು ದಾಖಲಿಸುವವರು ಕಡಿಮೆ.

ರಚನಕಾರರ ಹೆಸರು ಏಕೆ ಬೇಕೆಂದರೆ, ಹಾಡು ತಂಡದ ಸ್ವಂತದ್ದೋ ಇನ್ನೊಬ್ಬರದನ್ನು ನುಡಿಸಿದ್ದೋ ಎಂಬುದು ಅದರಿಂದ ತಿಳಿಯುತ್ತದೆ. ನಿರ್ಮಾಪಕರ ಹೆಸರಂತೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ತೋಟದ ಕಾಲುದಾರಿಯ ಹಾಗೆ. ನಿಮಗೆ ಲಂಡನ್ನಿನ ದಿ ಕಿಂಕ್ಸ್ ತಂಡ ಗೊತ್ತು ಎಂದಿಟ್ಟುಕೊಳ್ಳಿ. ಅವರ ಮೊದಲ ವರ್ಷಗಳ ನಿರ್ಮಾಪಕ ಶೆಲ್ ಟಾಲ್ಮಿ. ಆ ಹೆಸರು ಹಿಡಿದು ಹೋದರೆ ದಿ ಕ್ರಿಯೇಷನ್ ಸಿಗುತ್ತದೆ, ಅದರ ಗಿಟಾರ್ ವಾದಕ ಎಡ್ಡಿ ಫಿಲಿಪ್ಸ್ 1966ರಲ್ಲೇ ಪಿಟೀಲಿನ ಕಮಾನಿನಿಂದ ಗಿಟಾರ್ ನುಡಿಸಿದವರು. ಅದೇ ಹೆಸರು ಆಸ್ಟ್ರೇಲಿಯಾದ ಸಿಡ್ನಿಯ ದಿ ಈಸಿಬೀಟ್ಸ್ ತಂಡದ ಅದೇ ವರ್ಷದ ದೊಡ್ಡ ಹಾಡಿನ ಮೇಲೂ ಇದೆ. ಆ ತಂಡದ ಜಾರ್ಜ್ ಯಂಗ್ ಅವರ ತಮ್ಮಂದಿರೇ ಮುಂದೆ ಎಸಿ/ಡಿಸಿ ಎಂಬ ರಾಕ್ ತಂಡ ಕಟ್ಟಿದರು. ಮೂರೇ ಹೆಜ್ಜೆಯಲ್ಲಿ ಲಂಡನ್ನಿನಿಂದ ಸಿಡ್ನಿಗೆ ಬಂದೆವು. ಆ್ಯಪ್ ತಾನಾಗಿ ಸೂಚಿಸುವ ಹಾಡುಗಳ ಸಾಲಿಗಿಂತ ಈ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಆ್ಯಪ್ ಈಗಾಗಲೇ ಹೆಚ್ಚು ಜನ ಕೇಳಿದ್ದನ್ನೇ ಮುಂದಿಡುತ್ತದೆ.

ನಮ್ಮವರಿಂದಲೇ ಆರಂಭಿಸಿ

ಕೊಡಗಿನವರಿಗೆ ಈ ಆಟದಲ್ಲಿ ಒಂದು ಸ್ವಂತದ ಬಾಗಿಲಿದೆ. ಬಿದ್ದು ಅಪ್ಪಯ್ಯ ಹುಟ್ಟಿದ್ದು ಬೆಂಗಳೂರಿನಲ್ಲಿ, ಕೊಡವ ಮನೆತನದವರು. 1974ರ 'ಕುಂಗ್ ಫು ಫೈಟಿಂಗ್' ನಿರ್ಮಿಸಿದವರೆಂದು, ಮುಂದೆ ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ ಅವರ ದನಿಯನ್ನು ಉಪಖಂಡಕ್ಕೆ ಕೇಳಿಸಿದವರೆಂದು ಎಲ್ಲರಿಗೂ ಗೊತ್ತು. 1967ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುಂಚೆ ಅವರು ಬೆಂಗಳೂರಿನಲ್ಲಿ ಗೆಳೆಯರೊಂದಿಗೆ ದಿ ಟ್ರೋಜನ್ಸ್ ಎಂಬ ಬೀಟ್ ತಂಡ ಕಟ್ಟಿದ್ದರು, ತಂಡ ಚದುರಿದ ಮೇಲೆ ಲೋನ್ ಟ್ರೋಜನ್ ಎಂಬ ಹೆಸರಿನಲ್ಲಿ ಒಬ್ಬರೇ ಹಾಡಿದರು ಎಂಬುದನ್ನು ನಮ್ಮಲ್ಲಿ ಎಷ್ಟು ಮನೆಗಳು ನೆನಪಿಟ್ಟಿವೆ? ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ವರ್ಷಗಳಲ್ಲಿ ಬೆಂಗಳೂರಿನ ಕಾಲೇಜಿನಲ್ಲಿ ಓದಿದ್ದರೆ ಮೊದಲ ಪ್ರಶ್ನೆ ಇದೇ ಆಗಲಿ.

ಅಲ್ಲಿಂದ ಸಿಮ್ಲಾ ಬೀಟ್ ಸ್ಪರ್ಧೆಯ ಕಡೆ ಬನ್ನಿ. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಹೆಸರಿನಲ್ಲಿ ನಡೆಸಿದ ಸ್ಪರ್ಧೆ ಇದು. ಸ್ಪರ್ಧೆಯ ತಂಡಗಳ ಹಾಡುಗಳು 1970 ಮತ್ತು 1971ರ ಎರಡು ಎಲ್‌ಪಿಗಳಲ್ಲಿ, ಅಂದರೆ ಹಲವು ಹಾಡುಗಳ ದೊಡ್ಡ ರೆಕಾರ್ಡುಗಳಲ್ಲಿ ಉಳಿದಿವೆ. ಶಿಲ್ಲಾಂಗಿನ ದಿ ಫೆಂಟೋನ್ಸ್, ಮದ್ರಾಸಿನ ಕನ್‌ಫ್ಯೂಷನ್ಸ್, ಕಲ್ಕತ್ತದ ಗ್ರೇಟ್ ಬೇರ್ ಅವುಗಳಲ್ಲಿವೆ. ಬಹಳ ವರ್ಷಗಳ ಮೇಲೆ ವಿದೇಶದಲ್ಲಿ ಮರುಮುದ್ರಣವಾದ್ದರಿಂದ ಇವು ಈಗ ಕೇಳಲು ಸಿಗುತ್ತವೆ. ಮೊದಲ ಸಲ ಕೇಳುವಾಗ ಗಿಟಾರಿನ ಒರಟು ದನಿ ಕಿವಿಗೆ ಚುಚ್ಚಬಹುದು. ಆಮದು ಗಿಟಾರು ಕೈಗೆಟುಕದ ಕಾಲ ಅದು, ಹುಡುಗರು ಕಲ್ಕತ್ತದಲ್ಲಿ ತಯಾರಾದ ಗಿಬ್‌ಟೋನ್ ಗಿಟಾರು ಹಿಡಿದು, ಆಂಪ್ಲಿಫೈಯರನ್ನು ಎಷ್ಟೋ ಸಲ ತಾವೇ ಜೋಡಿಸಿಕೊಂಡು ನುಡಿಸುತ್ತಿದ್ದರು. ಆ ಒರಟಿನಲ್ಲೇ ನನಗೆ ಈ ಹಾಡುಗಳ ಜೀವ ಕಾಣುತ್ತದೆ.

ಸಿನಿಮಾದಲ್ಲೂ ಹುಡುಕಿ. 1965ರ ಹಿಂದಿ ಚಿತ್ರ 'ಗುಮ್ನಾಮ್'ನ ಆರಂಭದ ಕ್ಲಬ್ ನೃತ್ಯದಲ್ಲಿ ಪರದೆಯ ಮೇಲೆ ಕಾಣುವ ತಂಡ ಟೆಡ್ ಲಯನ್ಸ್ ಅಂಡ್ ಹಿಸ್ ಕಬ್ಸ್, ಬೊಂಬಾಯಿಯ ನಿಜವಾದ ಬೀಟ್ ತಂಡ. ಅರವತ್ತು, ಎಪ್ಪತ್ತರ ಕನ್ನಡ ಚಿತ್ರಗಳ ಕ್ಲಬ್ ಹಾಡುಗಳನ್ನು ಈ ಕಿವಿಯಿಂದ ಮತ್ತೆ ಕೇಳಿ. ದನಿಯ ಹಿಂದೆ ಗಿಟಾರು ಏನು ಮಾಡುತ್ತಿದೆ ಎಂಬುದನ್ನಷ್ಟೇ ಹಿಂಬಾಲಿಸಿ.

ಹೊರಗಿನ ತಂಡಗಳಲ್ಲಿ ನಾನು ಮೊದಲು ಕೈಗೆ ಕೊಡುವುದು ಇಂಗ್ಲೆಂಡಿನ ದಿ ಝೋಂಬೀಸ್. ಅವರ ಎರಡನೆಯ ಆಲ್ಬಂ 1968ರಲ್ಲಿ ಬರುವ ಹೊತ್ತಿಗೆ ತಂಡವೇ ಒಡೆದಿತ್ತು. ಮರುವರ್ಷ ಅದರ ಒಂದು ಹಾಡು ಅಮೆರಿಕದಲ್ಲಿ ಗೆದ್ದಾಗ ವೇದಿಕೆ ಹತ್ತಲು ತಂಡ ಇರಲಿಲ್ಲ. ಆಮೇಲೆ ಲಿವರ್‌ಪೂಲಿನ ನಾಲ್ವರು ಹುಡುಗಿಯರ ದಿ ಲಿವರ್‌ಬರ್ಡ್ಸ್. ಅವರು ಹೆಸರು ಮಾಡಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, ಸ್ಟಾರ್ ಕ್ಲಬ್ಬಿನಲ್ಲಿ. ಎಪ್ಪತ್ತರ ದಶಕಕ್ಕೆ ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್. 1972ರ ಅವರ ಮೊದಲ ಆಲ್ಬಮ್ಮಿಗೆ ಒಳ್ಳೆಯ ವಿಮರ್ಶೆ ಬಂತು, ವಿತರಣೆಯ ತೊಂದರೆಯಿಂದ ರೆಕಾರ್ಡು ಬಹುಪಾಲು ಅಂಗಡಿಗಳಿಗೆ ಬರಲಿಲ್ಲ. ಫಸಲು ಚೆನ್ನಾಗಿ ಬಂದು ಲಾರಿ ಬಾರದ ವರ್ಷದ ನೋವು ನಮಗೆ ಹೇಳಿಕೊಡಬೇಕಾಗಿಲ್ಲ.

ಎಂಬತ್ತರ ದಶಕದಲ್ಲಿ ತಂಡಕ್ಕಿಂತ ಲೇಬಲ್, ಅಂದರೆ ರೆಕಾರ್ಡು ಹೊರತರುವ ಕಂಪನಿಯನ್ನು ಹಿಡಿದು ಹೋಗುವುದು ಸುಲಭ. ಗ್ಲಾಸ್ಗೋದ ಪೋಸ್ಟ್‌ಕಾರ್ಡ್ ಲೇಬಲ್ಲಿನಿಂದ ಆರೆಂಜ್ ಜ್ಯೂಸ್ ಸಿಗುತ್ತದೆ, ಅದೇ ಲೇಬಲ್ ಬ್ರಿಸ್ಬೇನಿನ ದಿ ಗೋ-ಬಿಟ್ವೀನ್ಸ್ ಕಡೆಗೂ ಕರೆದೊಯ್ಯುತ್ತದೆ. ಬ್ರಿಸ್ಟಲಿನ ಸಾರಾ ರೆಕಾರ್ಡ್ಸ್ 1987ರಿಂದ 1995ರವರೆಗೆ ನಡೆದು, ಸರಿಯಾಗಿ ನೂರನೆಯ ಬಿಡುಗಡೆಗೆ ಬಂದಾಗ ಬಾಗಿಲು ಹಾಕಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1981ರಲ್ಲಿ ಹುಟ್ಟಿದ ಫ್ಲೈಯಿಂಗ್ ನನ್ ನನಗೆ ತೀರ ಹತ್ತಿರ. ಡನೀಡಿನ್ ಎಂಬ ದೂರದ, ಚಳಿಯ ಊರಿನ ದಿ ಕ್ಲೀನ್, ದಿ ಚಿಲ್ಸ್ ಮುಂತಾದ ತಂಡಗಳನ್ನು ಅದು ಹೊರತಂದಿತು, ಮೊದಮೊದಲ ಧ್ವನಿಮುದ್ರಣಗಳಲ್ಲಿ ಕೆಲವು ನಾಲ್ಕೇ ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಆದವು. ಮಡಿಕೇರಿಯ ಮಂಜಿನಲ್ಲಿ, ಸಂಜೆ ನಾಲ್ಕಕ್ಕೇ ದೀಪ ಹಚ್ಚಿದ ಕೋಣೆಯಲ್ಲಿ ದಿ ಚಿಲ್ಸ್ ಕೇಳಿ ನೋಡಿ.

ಒಂದು ದಿನಕ್ಕೆ ಒಂದೇ ತಂಡ, ಒಂದು ಹಾಡನ್ನು ಮೂರು ಸಲ: ಇದು ನನ್ನ ಕ್ರಮ. ಮೊದಲ ಸಲ ಸುಮ್ಮನೆ, ಎರಡನೆಯ ಸಲ ಡ್ರಮ್ಮಿನ ಹಿಂದೆ, ಮೂರನೆಯ ಸಲ ಹಾಡದೆ ಹಿಂದೆ ನಿಂತು ಗಿಟಾರ್ ನುಡಿಸುವವನ ಹಿಂದೆ. ವಾಲಗಕ್ಕೆ ಕುಣಿದು ಬೆಳೆದ ಕಾಲು ಎರಡನೆಯ ಸಲಕ್ಕೇ ತಾಳ ಹಿಡಿಯುತ್ತದೆ.

ನುಡಿಸುವುದು, ಕಂಪ್ಯೂಟರಿಗೆ ಇಳಿಸುವುದು

ಸೂಟ್‌ಕೇಸಿನಂಥ ಅಗ್ಗದ ಪ್ಲೇಯರಿನಲ್ಲಿ ಅಪರೂಪದ ರೆಕಾರ್ಡು ಹಾಕಬೇಡಿ, ಅದರ ಮುಳ್ಳಿನ ಭಾರ ಹೆಚ್ಚು. ಭಾರವನ್ನು ಹೊಂದಿಸಬಹುದಾದ ಟರ್ನ್‌ಟೇಬಲ್ ಎರವಲು ಸಿಕ್ಕರೂ ಸಾಕು. ಕಾರ್ಟ್ರಿಜ್, ಅಂದರೆ ಮುಳ್ಳು ಕೂರುವ ಭಾಗದ ತಯಾರಕರು ಹೇಳಿದ ಭಾರವನ್ನೇ ಇಡಿ, ಸಾಮಾನ್ಯವಾಗಿ ಅದು ಎರಡು ಗ್ರಾಂ ಆಸುಪಾಸು. 78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಬೇರೆ ಮುಳ್ಳು ಬೇಕು. ಎಲ್‌ಪಿಯ ಮುಳ್ಳು ಹಾಕಿದರೆ ಗೆರೆಯ ತಳದ ಕಸವನ್ನೇ ಓದುತ್ತದೆ. ಟರ್ನ್‌ಟೇಬಲ್ಲಿನಲ್ಲಿ 78ರ ವೇಗ ಇಲ್ಲವೆಂದರೆ ಸರಿಯಾದ ಮುಳ್ಳು ಹಾಕಿ 45ರಲ್ಲಿ ನುಡಿಸಿ ಮುದ್ರಿಸಿ, ಆಮೇಲೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನು ಶೇ. 73.3ರಷ್ಟು ಏರಿಸಿದರೆ ಹಾಡು ತನ್ನ ಸ್ಥಾಯಿಗೆ ಬರುತ್ತದೆ.

ಟರ್ನ್‌ಟೇಬಲ್, ಅದರ ಕ್ಷೀಣ ದನಿಯನ್ನು ಏರಿಸುವ ಫೋನೋ ಪ್ರಿಆಂಪ್, ಲ್ಯಾಪ್‌ಟಾಪ್, ಇಷ್ಟೇ ಸಾಲು. 24 ಬಿಟ್ಟಿನಲ್ಲಿ ಮುದ್ರಿಸಿ, ದನಿಯ ಗುಣ ಕುಂದದ ಫ್ಲ್ಯಾಕ್ ಕಡತವಾಗಿ ಉಳಿಸಿ, ಫೋನಿಗೆ ಬೇಕಾದರೆ ಎಂಪಿ3 ಬೇರೆ ಮಾಡಿಕೊಳ್ಳಿ. ಅರವತ್ತರ ದಶಕದ ಏಳಿಂಚಿನವು ಹೆಚ್ಚಾಗಿ ಮೊನೊ, ಅಂದರೆ ಒಂದೇ ಚಾನೆಲ್ಲಿನವು, ಎಡ ಬಲದ ಎರಡು ಚಾನೆಲ್ಲನ್ನು ಕೂಡಿಸಿದರೆ ಒಂದಷ್ಟು ಚಟಪಟ ತಾನೇ ಇಳಿಯುತ್ತದೆ. ಸದ್ದು ತೆಗೆಯುವ ಫಿಲ್ಟರನ್ನು ಬಹಳ ಹಾಕಬೇಡಿ, ಸಿಂಬಲ್ಲಿನ ಮಿಂಚು ಅದರ ಜೊತೆಗೇ ಹೋಗುತ್ತದೆ. ತಿದ್ದದ ಮೂಲ ಕಡತ ಒಂದು ಯಾವಾಗಲೂ ಇರಲಿ. ಜುಲೈಯಲ್ಲಿ ಕರೆಂಟು ನಂಬುವ ಹಾಗಿಲ್ಲ, ಇಳಿಸುವ ಕೆಲಸವನ್ನು ಏಪ್ರಿಲ್ ಒಳಗೆ ಮುಗಿಸಿ, ಹೆಸರು ಹುಡುಕುವುದು, ಪಟ್ಟಿ ಮಾಡುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಅಂತರ್ಜಾಲಕ್ಕೆ ಏರಿಸುವ ಮುಂಚೆ ಒಂದು ಲೆಕ್ಕ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದರೆ ಹಾಡಿನ ಸಾಹಿತ್ಯ, ರಾಗಗಳ ಹಕ್ಕು ರಚನಕಾರರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಲೇಬಲ್ಲಿನ ಚಿತ್ರ, ನಿಮ್ಮ ಟಿಪ್ಪಣಿ ಧಾರಾಳವಾಗಿ ಹಂಚಿ, ಹಾಡನ್ನು ಮನೆಯವರಿಗೆ ಕೇಳಿಸಿ.

ಕೊಟ್ಟವರಿಗೆ ಮರಳಿ ಕೇಳಿಸಿ

ಈ ಹೆಜ್ಜೆ ತಪ್ಪಿಸಬೇಡಿ. ಜುಲೈಯ ಒಂದು ಸಂಜೆ, ಕರೆಂಟಿಲ್ಲದೆ ಬ್ಯಾಟರಿಯಲ್ಲಿ ಓಡುತ್ತಿದ್ದ ಲ್ಯಾಪ್‌ಟಾಪಿನಿಂದ ದೊಡ್ಡಮ್ಮನಿಗೆ ಆ ಆರು ಏಳಿಂಚಿನ ರೆಕಾರ್ಡುಗಳ ಹನ್ನೆರಡು ಬದಿಗಳನ್ನು ಕೇಳಿಸಿದೆ. ಹೆಂಚಿನ ಮೇಲೆ ಮಳೆ ಜೋರಾಗಿತ್ತು, ಅವರು ಸ್ಪೀಕರನ್ನು ಹತ್ತಿರಕ್ಕೆ ಎಳೆದುಕೊಂಡರು. ಎರಡನೆಯ ಹಾಡಿಗೇ ತಲೆ ಅಲ್ಲಾಡಿಸಿ, "ಇಷ್ಟು ಬಿರುಸಾಗಿ ಇರಲಿಲ್ಲ ಇದು. ಇದಕ್ಕೆ ನಾವು ಕುಣಿದಿದ್ದೇವೆ, ಹೀಗೆ ಓಡಿದರೆ ಕಾಲು ಸಿಗುವುದಿಲ್ಲ" ಎಂದು ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ತೋರಿಸಿದರು.

ಮರುವಾರ ತಿರುಗುವ ವೇಗ ನೋಡುವ ಸ್ಟ್ರೋಬ್ ಚಕ್ರದ ಹಾಳೆಯನ್ನು ಟರ್ನ್‌ಟೇಬಲ್ ಮೇಲಿಟ್ಟು, 50 ಹರ್ಟ್ಸಿನ ಹಳೆಯ ಬಲ್ಬಿನ ಬೆಳಕಿನಲ್ಲಿ ನೋಡಿದೆ. ವೇಗ ಸರಿಯಿದ್ದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ಅವು ಮುಂದಕ್ಕೆ ತೆವಳುತ್ತಿದ್ದವು. ಮೋಟಾರಿನ ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಗೆರೆಗಳು ನಿಂತ ಮೇಲೆ ಹನ್ನೆರಡು ಬದಿಗಳನ್ನೂ ಮೊದಲಿನಿಂದ ಇಳಿಸಿದೆ.